ಮನೆಗೆ ಬರುವಾಗ ಮಾತ್ರ ನಿಲ್ಲುವ ಬೈಕು

ಮುಂಡಪ್ಪಣ್ಣ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನಿಗೂ ಹಿಡಿಯನ್ನು ತಮ್ಮ ಬಲಗಿವಿಗೂ ಒತ್ತಿ, ಕಣ್ಣು ಮುಚ್ಚಿ, ಒಳಗಿನಿಂದ ಯಾರೋ ಮಾತಾಡುತ್ತಿರುವಂತೆ "ಹಾಂ... ಹಾಂ..." ಎನ್ನುತ್ತ ಕೂತರೆಂದರೆ ಬಂಟ್ವಾಳ ಪೇಟೆಯ ಎಂಥ ಗಟ್ಟಿಗನಿಗೂ ಹಾಡಹಗಲಲ್ಲೇ ಮೈ ಜುಮ್ಮೆನ್ನುತ್ತದೆ. ವೈಶಾಖದ ಉರಿಯಲ್ಲೂ ಕಳಚದ ಖಾಕಿ ಕೋಟು, ಪಕ್ಕದ ಕೋಣೆಯಲ್ಲಿ ಮಗು ಮಲಗಿದೆಯೇನೋ ಎಂಬಂಥ ನಿಶ್ಶಬ್ದ ನಡಿಗೆ, ಪ್ರಶ್ನೆ ಯಾವುದೇ ಇರಲಿ "ನೋಡುವ" ಎಂಬ ಒಂದೇ ಉತ್ತರ. ಅವಸರದವರಿಗೆ ಈ ಆಸಾಮಿಯ ಸಹವಾಸ ಬೇಡವೇ ಬೇಡ!

ಅವರ ಗ್ಯಾರೇಜಿಗೆ ನರಿಕೊಂಬಿನ ನಿತೇಶ ತಂದದ್ದು ಅವನ ಅಣ್ಣ ವಸಂತನ ಬೈಕು. ಬೆಳ್ತಂಗಡಿಯ ತನ್ನ ಅಂಗಡಿಯಿಂದ ಮನೆಗೆ ಮರಳುವಾಗ ಪಾಣೆಮಂಗಳೂರು ಸೇತುವೆಯ ನಡುವೆ ವಸಂತನಿಗೆ ಎದೆನೋವು ಬಂದು, ಗಾಡಿಯನ್ನು ಬದಿಗೆ ನಿಲ್ಲಿಸಿದವನು ಅಲ್ಲೇ ತೀರಿಕೊಂಡಿದ್ದ. ಅಂಗಡಿಯೂ ಬೈಕೂ ತಮ್ಮನ ಪಾಲಿಗೆ ಬಂದವು. ಬೆಳಿಗ್ಗೆ ಹೋಗುವಾಗ ಯಾವ ತಕರಾರೂ ಇಲ್ಲ. ಸಂಜೆ ಮನೆಗೆ ಬರುವಾಗ ಮಾತ್ರ, ಸೇತುವೆಯ ಅದೇ ಜಾಗದಲ್ಲಿ ದೀಪ ಮಂಕಾಗಿ ಇಂಜಿನ್ ನಿಂತುಬಿಡುತ್ತಿತ್ತು. ಬ್ಯಾಟರಿ ಬದಲಾಯಿಸಿದರೂ ಅದೇ ಕಥೆ. ತಾಯಿ ಕಾವೇರಮ್ಮ ದಿನವೂ ಸಂಜೆ ಸೇತುವೆಗೆ ನಡೆದು ಬಂದು, ನಿಂತ ಬೈಕಿನ ಪಕ್ಕ ರಸ್ತೆಯಲ್ಲೇ ಕೂತು, ಅದರೊಡನೆ ಮಾತಾಡತೊಡಗಿದ್ದರು. ಲಾರಿಗಳು ಅವರ ಸೆರಗನ್ನು ಸವರಿಕೊಂಡೇ ಹೋಗುತ್ತಿದ್ದವು.

"ಒಂದು ದಿನ ಅಮ್ಮನೂ ಅಲ್ಲೇ ಹೋಗ್ತಾರೆ ಮುಂಡಪ್ಪಣ್ಣ. ಹೇಗಾದರೂ ಸರಿ ಮಾಡಿ ಕೊಡಿ," ಎಂದ ನಿತೇಶ.

ತಣ್ಣಗಿದ್ದ ಇಂಜಿನಿನಲ್ಲಿ ಯಾವ ದೋಷವೂ ಸಿಗಲಿಲ್ಲ. ಮರುದಿನ ಬೆಳ್ತಂಗಡಿಯಿಂದ ನೇರ ಬಂದು, ಆಫ್ ಮಾಡದೆ ತಮ್ಮ ಮುಂದೆ ನಿಲ್ಲಿಸಲು ಮುಂಡಪ್ಪಣ್ಣ ನಿತೇಶನಿಗೆ ಹೇಳಿದರು. ಮೀಟರ್ ಹಿಡಿದರೆ, ಹದಿನಾಲ್ಕರ ಆಸುಪಾಸಿನಲ್ಲಿರಬೇಕಾದ ವೋಲ್ಟೇಜು ಹನ್ನೆರಡಕ್ಕಿಂತ ಕೆಳಗೆ ಜಾರುತ್ತಿತ್ತು. ಬಿಚ್ಚಿ ನೋಡಿದಾಗ, ಬ್ಯಾಟರಿಗೆ ಚಾರ್ಜು ಕೊಡುವ ಕಾಯಿಲಿನ ವಯರಿನ ಹೊದಿಕೆ ಕರಗಿತ್ತು. ಇಂಜಿನ್ ಕಾದಾಗ ಬೆತ್ತಲೆ ತಾಮ್ರ ಇಂಜಿನಿನ ಲೋಹದ ಮೈಗೆ ತಾಗಿ ಚಾರ್ಜು ಸೋರಿಹೋಗುತ್ತಿತ್ತು. ಆಮೇಲೆ ಬೈಕು ಬ್ಯಾಟರಿಯ ದಾಸ್ತಾನಿನಲ್ಲೇ ಓಡಬೇಕು. ಬೆಳಿಗ್ಗೆ ಹೋಗುವಾಗಲೇ ಅರ್ಧ ಕರಗಿದ ಆ ದಾಸ್ತಾನು ಸಂಜೆ ಸೇತುವೆಯವರೆಗೆ ಮಾತ್ರ.

ವಿಷಯ ತಿಳಿದ ಕಾವೇರಮ್ಮ ಗ್ಯಾರೇಜಿಗೇ ಬಂದರು. "ಸರಿ ಮಾಡಬೇಡಿ. ಇದು ನಿಲ್ಲದಿದ್ದರೆ ಅವನು ಅಲ್ಲಿ ಉಂಟು ಅಂತ ನನಗೆ ಹೇಗೆ ಗೊತ್ತಾಗುವುದು? ಉತ್ತರಕ್ರಿಯೆಯ ಬೊಜ್ಜದ ದಿನ ಬಾಗಿಲು ತೆಗೆದು, ಅವನ ಹೆಸರು ಹಿಡಿದು ಒಳಗೆ ಕರೆದೆವು. ಬರಲಿಲ್ಲ."

ಮುಂಡಪ್ಪಣ್ಣ ಸುಟ್ಟ ವಯರನ್ನು ಅವರ ಅಂಗೈಯಲ್ಲಿಟ್ಟರು. "ಬರಲಿಲ್ಲ ಅಲ್ಲ ಅಕ್ಕ, ಬರಲಿಕ್ಕೆ ಆಗಲಿಲ್ಲ. ಅರ್ಧ ದಾರಿಯಲ್ಲಿ ಬೈಕೇ ನಿಂತರೆ ಪಾಪ, ಅವನಾದರೂ ಏನು ಮಾಡುವುದು?"

ಕಾವೇರಮ್ಮ ಬಹಳ ಹೊತ್ತು ಅಳುತ್ತ ಕೂತು, ಕೊನೆಗೆ ತಲೆಯಾಡಿಸಿದರು.

ಹೊಸ ಕಾಯಿಲು ಹಾಕಿ, ಬೆಳ್ತಂಗಡಿವರೆಗೆ ಓಡಿಸಿ ಇಂಜಿನ್ ಕಾಯಿಸಿ ತಂದು, ಮುಸ್ಸಂಜೆಗೆ ಮುಂಡಪ್ಪಣ್ಣ ಕಾವೇರಮ್ಮನನ್ನು ಹಿಂದೆ ಕೂರಿಸಿಕೊಂಡು ಹೊರಟರು. ಸೇತುವೆಯ ಆ ಜಾಗ ಬಂತು. ದೀಪ ಒಮ್ಮೆ ನಡುಗಿತು. ಹೊಸ ಕಾಯಿಲು, ಬಿಗಿದ ಟರ್ಮಿನಲ್ಲು, ನಡುಗಲು ಕಾರಣವೇ ಇರಲಿಲ್ಲ. ಅಷ್ಟರಲ್ಲಿ ಬೈಕಿನ ಹಿಂಬದಿ, ಇನ್ನೊಬ್ಬರು ಏರಿ ಕೂತಂತೆ, ಕೆಳಕ್ಕೆ ಕುಸಿಯಿತು.

"ಹೋಗುವ," ಎಂದರು ಕಾವೇರಮ್ಮ, ಕಿವಿಯ ಹತ್ತಿರ. "ಅವನೂ ಕೂತ."

ಬೈಕು ನಿಲ್ಲಲಿಲ್ಲ. ನರಿಕೊಂಬಿನ ಮನೆಯಲ್ಲಿ ಕಾವೇರಮ್ಮ ಬಾಗಿಲು ತೆರೆದು, ಯಾರಿಗೋ ದಾರಿ ಬಿಟ್ಟಂತೆ ಪಕ್ಕಕ್ಕೆ ಸರಿದು ನಿಂತು, ಬಳಿಕ ತಾವು ಒಳಹೋದರು. ಮತ್ತೆ ಸೇತುವೆಯ ಕಡೆ ತಲೆ ಹಾಕಿದವರಲ್ಲ.

ಇದನ್ನು ಮುಂಡಪ್ಪಣ್ಣ ನನಗೆ ಹೇಳಿದಾಗ, ಶಾಕ್ ಅಬ್ಸಾರ್ಬರ್ ಕೆಟ್ಟಿರಬೇಕೆಂದು ನಾನು ಸುಮ್ಮನೆ ಕೆಣಕಿದೆ. "ಇರಬಹುದು," ಎಂದರು. "ನಾನು ಬಿಚ್ಚಿ ನೋಡಲಿಕ್ಕೆ ಹೋಗಲಿಲ್ಲ."

ಕೆಟ್ಟದ್ದನ್ನು ಬಿಚ್ಚಿ ಸರಿಪಡಿಸುವವರು ಲೋಕದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಯಾವುದನ್ನು ಬಿಚ್ಚಬಾರದೆಂದು ಬಲ್ಲವರು ತೀರ ವಿರಳ. ಅಂಥವರ ಕೈಗೆ ನಮ್ಮ ಯಂತ್ರಗಳನ್ನಷ್ಟೇ ಅಲ್ಲ, ನಮ್ಮ ಸತ್ತವರನ್ನೂ ಧೈರ್ಯವಾಗಿ ಒಪ್ಪಿಸಬಹುದು.