ಮೂರನೆಯ ಬಟ್ಟೆ

ಹಂದಿಮಾಂಸ ತಿಂದರೆ ಒಂದು ತಪ್ಪು, ಇರುವೆ ತಿಂದರೆ ಐದು ತಪ್ಪು, ಇದು ನಮ್ಮ ಯೆಹೂದಿಗಳ ಲೆಕ್ಕ. ಹಾಗಾಗಿ ನಾವು ಹಂದಿಗೆ ಹೆದರುವುದಿಲ್ಲ, ಲೆಟಿಸ್ ಸೊಪ್ಪಿಗೆ ಹೆದರುತ್ತೇವೆ. ಹಂದಿ ಯಾರ ಅಡುಗೆಮನೆಗೂ ಕಣ್ತಪ್ಪಿಸಿ ನುಗ್ಗುವುದಿಲ್ಲವಲ್ಲ. ಹಸಿರು ಹೇನಾದರೋ ಎಲೆಯ ಮಡಿಕೆಯಲ್ಲಿ ತಾನೂ ಎಲೆಯೇ ಎನ್ನುವ ಹಾಗೆ ಮಲಗಿಬಿಟ್ಟಿರುತ್ತದೆ. ಅದನ್ನು ಎಬ್ಬಿಸಿ ಹೊರಗಟ್ಟುವುದು ನನ್ನ ಕೆಲಸ. ನಾನು ಬ್ಲೂಮಾ. ಆಂಟ್‌ವರ್ಪಿನ ನಮ್ಮ ಬೀದಿಗಳ ನೂರ ಹತ್ತು ಮನೆಗಳಿಗೆ ಪಸ್ಕ ಹಬ್ಬದ ಕಹಿಸೊಪ್ಪು ತೊಳೆದು ಕೊಡಲು ಶುರುಮಾಡಿ ಹತ್ತೊಂಬತ್ತು ವರ್ಷವಾಯಿತು. ಹೆಣ್ಣುಮಕ್ಕಳ ಶಾಲೆಯ ನೆಲಮಾಳಿಗೆಯ ಅಡುಗೆಮನೆ, ಆರು ಟಬ್ಬು, ಎಂಟು ಜನ ಹೆಂಗಸರು, ಕೆಳಗಿನಿಂದ ದೀಪ ಉರಿಯುವ ಒಂದು ಗಾಜಿನ ಮೇಜು. ಎಲ್ಲರೂ ಅದನ್ನು ‘ಬ್ಲೂಮಾಳ ಮೇಜು’ ಅಂತಲೇ ಕರೆಯುತ್ತಾರೆ. ಕೇಳಲು ಹಿತವಾಗಿರುತ್ತದೆ, ಸುಳ್ಳೇಕೆ ಹೇಳಲಿ.

ಈ ವರ್ಷ ಆ ಮೇಜಿಗೇ ಕುತ್ತು ಬಂದಿತ್ತು. ಕಳೆದ ಹಬ್ಬದಲ್ಲಿ ನಾವು ತೊಳೆದುಕೊಟ್ಟ ಸೊಪ್ಪಿನಿಂದ ಒಂದು ನುಸಿ ಎದ್ದು ಯಾರದೋ ಬಿಳಿ ತಟ್ಟೆಯ ಮೇಲೆ ನೆಂಟರೆದುರೇ ಅಡ್ಡಾಡಿತಂತೆ. ಊರಿನ ಅಡುಗೆಮನೆಗಳ ಶುದ್ಧಿ ನೋಡುವ ರೆಬ್ ಫೈವಲ್ ಹಬ್ಬಕ್ಕೆ ಒಂದು ವಾರ ಇರುವಾಗ ಬಂದು ಎಲ್ಲರ ಮುಂದೆ ಹೇಳಿಬಿಟ್ಟರು:

“ಈ ಸಲ ಒಂದೇ ಒಂದು ಲೋಪ ಆದ್ರೂ ಮೇಜು ಮುಚ್ಚಿಬಿಡೋಣ. ಮುಂದಿನ ವರ್ಷದಿಂದ ಎಲ್ಲರಿಗೂ ಕಾರ್ಖಾನೆ ಪ್ಯಾಕೆಟ್ ಸೊಪ್ಪು.”

ನನ್ನ ನಾದಿನಿ ಶೈನಾ ಬೇಕಾದ್ದಕ್ಕಿಂತ ಜೋರಾಗಿ ತಲೆಯಾಡಿಸಿದಳು. ಅವಳು ಮೊದಲಿಂದಲೂ ಪ್ಯಾಕೆಟ್ಟಿನ ಪಕ್ಷ.

ಹಬ್ಬದ ರಾತ್ರಿಯ ಊಟದಲ್ಲಿ ಎಲ್ಲರೂ ಕಹಿಯಾದದ್ದೊಂದನ್ನು ತಿನ್ನಲೇಬೇಕು, ನಮ್ಮ ಬೀದಿಗಳಲ್ಲಿ ಅದು ಲೆಟಿಸ್. ನಾವು ಅವತ್ತು ಬೆಳಿಗ್ಗೆ ಆರಕ್ಕೇ ನೀರಿಗೆ ಕೈ ಹಾಕಿದೆವು. ಇನ್ನೂರ ನಲವತ್ತು ಲೆಟಿಸ್. ಬುಡ ಕತ್ತರಿಸಿ, ಎಲೆ ಬಿಡಿಸಿ, ಸೋಪಿನ ನೀರಿನಲ್ಲಿ ಒಂದೊಂದೇ ಎಲೆಯನ್ನು ಎರಡೂ ಬದಿ ಉಜ್ಜಿ, ಜಾಲಿಸಿ, ಮತ್ತೆ ಜಾಲಿಸಬೇಕು. ಆಮೇಲಿನ ನೀರನ್ನು ನಯವಾದ ಬಿಳಿ ಬಟ್ಟೆಯಲ್ಲಿ ಸೋಸಿ, ಆ ಬಟ್ಟೆಯನ್ನು ಬೆಳಕಿನ ಮೇಜಿನ ಮೇಲೆ ಹರಡಿ ನೋಡಬೇಕು. ಹೀಗೆ ಒಂದರ ಹಿಂದೆ ಒಂದು ಮೂರು ಬಟ್ಟೆ ಶುದ್ಧವಾಗಿ ಬಂದರೆ ಸೊಪ್ಪು ಪಾಸು. ಮೂರನೆಯದರಲ್ಲಿ ಒಂದು ಹುಳ ಕಂಡರೂ ಮೊದಲಿಂದ ಎಲ್ಲ ಶುರು.

“ಅತ್ತಿಗೆ, ಎಲೆಗೆ ಸ್ನಾನ ಮಾಡಿಸ್ತಿದ್ದೀರೋ, ಚರ್ಮ ಸುಲೀತಿದ್ದೀರೋ?” ಶೈನಾ ಕೆಣಕಿದಳು.

“ಆ ಸೋಪು ಸ್ವಲ್ಪ ನಿನ್ನ ನಾಲಿಗೆಗೂ ಹಾಕ್ತೀನಿ, ತಡಿ.”

“ಹಾಕಮ್ಮ, ಹಾಕು. ಮೂರು ಬಟ್ಟೇಲಿ ಸೋಸಿದ್ರೂ ಅದು ಶುದ್ಧ ಆಗಲ್ಲ,” ಎಂದಳು ಎಂಬತ್ತೊಂದರ ರೈಝಲ್ ಅಜ್ಜಿ, ಕುರ್ಚಿಯಲ್ಲಿ ಕೂತು ಎಲೆ ಬಿಡಿಸುತ್ತಾ. ಎಲ್ಲರೂ ನಕ್ಕರು. ಶೈನಾಳೂ ನಕ್ಕಳು.

ಎಂಟು ಗಂಟೆಯ ಹೊತ್ತಿಗೆ ನಗು ನಿಂತಿತು. ಈ ವರ್ಷ ಬಿಸಿಲು ಬೇಗ ಬಂದಿತ್ತು, ಹುಳವೂ ಬೇಗ ಬಂದಿತ್ತು. ಮೊದಲ ಬಟ್ಟೆಯಲ್ಲಿ ನಾಲ್ಕು ನುಸಿ. ಮತ್ತೆ ತೊಳೆದೆವು, ಎರಡು ನುಸಿ. ಮತ್ತೆ ತೊಳೆದೆವು. ಮೊದಲನೆಯದು ಶುದ್ಧ, ಎರಡನೆಯದು ಶುದ್ಧ, ಮೂರನೆಯದರ ಮೂಲೆಯಲ್ಲಿ ಒಂದು ಹಾಳುಮುಂಡೇದು ಕಾಲು ಆಡಿಸುತ್ತಿತ್ತು. ನನ್ನ ಪಿತ್ತ ನೆತ್ತಿಗೇರಿತು. ಕಿಟಕಿಯ ಕಟ್ಟೆಗೆ ಕೈ ಚಾಚಿ ವಿನೆಗರ್ ಬಾಟಲಿ ತೆಗೆದುಕೊಂಡು ಆರೂ ಟಬ್ಬಿಗೆ ಗಳಗಳ ಸುರಿದೆ.

“ಅರ್ಧ ಗಂಟೆ ಯಾರೂ ಕೈ ಹಾಕಬೇಡಿ,” ಎಂದೆ. “ಸಾಯಲಿ ಎಲ್ಲಾ.”

ಸತ್ತವು. ಅರ್ಧ ಗಂಟೆ ಬಿಟ್ಟು ತೊಳೆದು ಜಾಲಿಸಿ ನೋಡಿದರೆ ಮೊದಲ ಬಟ್ಟೆ ಹಾಲಿನ ಹಾಗಿತ್ತು. ಎರಡನೆಯದೂ. ರೆಬ್ ಫೈವಲ್ ಎಂದಿನಂತೆ ಮೂಗು ಬಟ್ಟೆಗೆ ತಾಗುವಷ್ಟು ಬಗ್ಗಿ, ಭೂತಗನ್ನಡಿ ಹಿಡಿದು, ಈ ಅಂಚಿನಿಂದ ಆ ಅಂಚಿಗೆ ಉತ್ತ ಹಾಗೆ ನೋಡಿದರು. ಈ ಹತ್ತೊಂಬತ್ತು ವರ್ಷದಲ್ಲಿ ಅವರು ಒಂದು ಬಟ್ಟೆಯನ್ನೂ ನೋಡದೆ ಬಿಟ್ಟವರಲ್ಲ. ನಾನು ‘ಏನಿಲ್ಲ’ ಅಂದ ಮೇಲೂ ನೋಡುತ್ತಾರೆ. ಅದೇ ನನಗೆ ಉರಿ. ಮೂರನೆಯ ಬಟ್ಟೆಯ ಮೇಲೂ ಹಾಗೆಯೇ ಬಗ್ಗಿದರು.

“ಶುದ್ಧ,” ಎಂದರು ರೆಬ್ ಫೈವಲ್.

ಆಗ ಎದ್ದ ಗಲಾಟೆ ಕೇಳಬೇಕಿತ್ತು! ಯಾರೋ ಪಾತ್ರೆ ಬಡಿದರು, ರೈಝಲ್ ಅಜ್ಜಿ ಜರಡಿಯನ್ನು ತಲೆಗೆ ಹಾಕಿಕೊಂಡು ಕೂತಲ್ಲೇ ಕುಣಿದಳು. ಶೈನಾ ಬಂದು ಒದ್ದೆ ಕೈಯಲ್ಲೇ ನನ್ನನ್ನು ತಬ್ಬಿದಳು. “ಗೆದ್ದುಬಿಟ್ರಿ ಅತ್ತಿಗೆ. ಪ್ಯಾಕೆಟ್ ಸೊಪ್ಪಿಗೆ ಇನ್ನು ಮೊಲವೇ ಗತಿ.” ರೆಬ್ ಫೈವಲ್ ಪೊಟ್ಟಣಗಳಿಗೆ ಅಂಟಿಸುವ ಮುದ್ರೆ ತರಲು ಮೇಲೆ ಹೋದರು. ನನಗೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಮೇಜು ಒರೆಸಿ, ಖಾಲಿ ಬಾಟಲಿಯನ್ನು ಕಸಕ್ಕೆ ಹಾಕಲು ಕೈಗೆತ್ತಿಕೊಂಡೆ. ಅದು ನಮ್ಮ ಹಬ್ಬದ ಸೇಬಿನ ವಿನೆಗರ್ ಅಲ್ಲ. ಆ ಬಾಟಲಿ ಇನ್ನೂ ಕಿಟಕಿಯ ಹತ್ತಿರವೇ ಮುಚ್ಚಳ ತೆರೆಯದೆ ನಿಂತಿತ್ತು. ನನ್ನ ಕೈಯಲ್ಲಿದ್ದದ್ದು ಶಾಲೆಯವರು ಕೆಟಲಿನ ಸುಣ್ಣದ ಕರೆ ತೆಗೆಯಲು ಇಟ್ಟುಕೊಂಡದ್ದು. ಸಣ್ಣ ಅಕ್ಷರದಲ್ಲಿ ಬರೆದಿತ್ತು: ಧಾನ್ಯದ ಮದ್ಯಸಾರದಿಂದ ತಯಾರಿಸಿದ್ದು.

ಪಸ್ಕದ ಎಂಟು ದಿನ ಗೋಧಿ, ಬಾರ್ಲಿ ಹುಳಿಬಂದದ್ದು ಒಂದು ಚೂರೂ ಮನೆಯಲ್ಲಿರಕೂಡದು. ಅದಕ್ಕಾಗಿ ತಿಂಗಳಿಂದ ಮಕ್ಕಳ ಜೇಬು ತಿರುವಿ ಹಾಕಿ ಬಿಸ್ಕತ್ತಿನ ಪುಡಿ ಕೊಡವಿದ್ದೇವೆ. ಆ ಗಳಿಗೆಯಲ್ಲೇ ಹಿತ್ತಲಿನಲ್ಲಿ ಗಂಡಸರು ಉಳಿದ ಬ್ರೆಡ್ಡಿನ ಚೂರುಗಳನ್ನು ಸುಡುತ್ತಿದ್ದ ಹೊಗೆ ಕಿಟಕಿಯಿಂದ ಒಳಗೆ ಬರುತ್ತಿತ್ತು. ಇತ್ತ ನಾನು ಊರಿನ ಹಬ್ಬದ ಸೊಪ್ಪನ್ನೆಲ್ಲ ಅದೇ ಧಾನ್ಯದ ಹುಳಿಯಲ್ಲಿ ಅರ್ಧ ಗಂಟೆ ನೆನೆಹಾಕಿದ್ದೆ. ಹುಳ ಹುಳ ಅಂತ ಬಡಿದಾಡಿ, ಹಬ್ಬವನ್ನೇ ಮರೆತಿದ್ದೆ!

ಯಾರೂ ನೋಡಿರಲಿಲ್ಲ. ಕಸದ ಬುಟ್ಟಿ ಒಂದು ಮೊಳ ದೂರದಲ್ಲಿತ್ತು. ಬಾಟಲಿ ಒಳಗೆ ಬಿದ್ದರೆ ಮುಗಿಯಿತು, ಮೇಜು ನನ್ನದೇ. ಹೇಳಿದರೆ, ರೆಬ್ ಫೈವಲ್ ಅಂದಿದ್ದ ಆ ಒಂದು ಲೋಪ ಇದೇ. ನಾನೇನು ದೇವತೆಯಲ್ಲ, ಬಾಟಲಿ ಹಿಡಿದ ಕೈ ಬುಟ್ಟಿಯ ಮೇಲಕ್ಕೆ ಹೋಗಿತ್ತು. ರೈಝಲ್ ಅಜ್ಜಿ ಇನ್ನೂ ಜರಡಿ ಹಾಕಿಕೊಂಡು ನಗುತ್ತಿದ್ದಳು. ಇವತ್ತು ರಾತ್ರಿ ಅವಳು ನನ್ನನ್ನು ನಂಬಿ ಆ ಎಲೆ ಬಾಯಿಗಿಡುತ್ತಾಳೆ ಅನ್ನಿಸಿತು. ಬಾಟಲಿಯನ್ನು ಹಿಂದಕ್ಕೆ ಎಳೆದುಕೊಂಡೆ.

“ನಿಲ್ಲಿಸಿ!” ಎಂದು ಕಿರುಚಿದೆ. “ಸೊಪ್ಪು ಯಾರೂ ಮುಟ್ಟಬೇಡಿ. ನಾನು ಹಾಳು ಮಾಡಿಬಿಟ್ಟಿದ್ದೀನಿ.”

ಮುದ್ರೆಯ ಸುರುಳಿ ಹಿಡಿದು ಮೆಟ್ಟಿಲಿಳಿಯುತ್ತಿದ್ದ ರೆಬ್ ಫೈವಲ್ ಅಲ್ಲೇ ನಿಂತರು. ನಾನು ಬಾಟಲಿ ಕೊಟ್ಟೆ. ಓದಿದರು.

“ಎಷ್ಟು ಹೊತ್ತು ನೆಂದಿತ್ತು?”

“ಅರ್ಧ ಗಂಟೆ.”

ಅವರು ಕಣ್ಣು ಮುಚ್ಚಿಕೊಂಡರು. ವಿನೆಗರಿನಲ್ಲಿ ಹದಿನೆಂಟು ನಿಮಿಷ ನೆಂದರೆ ಬೇಯಿಸಿದ ಹಾಗೆಯೇ ಲೆಕ್ಕ, ಆಮೇಲೆ ಎಷ್ಟು ತೊಳೆದರೂ ಹೋಗದು ಎಂದು ನಮ್ಮಲ್ಲಿ ಎಲ್ಲರಿಗೂ ಗೊತ್ತು.

“ಬೇರೆ ಏನಾದ್ರೂ ಆಗಿದ್ರೆ ಗುರುಗಳ ಹತ್ರ ಹೋಗಿ ವಾದ ಮಾಡಬಹುದಿತ್ತು,” ಎಂದರು. “ಹಬ್ಬದ ರಾತ್ರಿ ತಟ್ಟೆಗೆ ವಾದ ಬಡಿಸೋಕಾಗಲ್ಲಮ್ಮ. ಎಲ್ಲಾ ಎಸೀರಿ. ಜನ ಕಹಿಗೆ ಖಾರಮೂಲಂಗಿ ತುರ್ಕೊಳ್ಳಲಿ.”

“ಆ ಗೆಡ್ಡೇನಾ!” ರೈಝಲ್ ಅಜ್ಜಿ ಜರಡಿ ತೆಗೆದು ಕುಕ್ಕಿದಳು. “ಒಂದು ಚೂರು ತಿಂದ್ರೆ ನನಗೆ ಉಸಿರು ಕಟ್ಟತ್ತೆ. ಡಾಕ್ಟ್ರು ಬೇಡ ಅಂದಿದಾರೆ. ನನ್ನಂಥೋರು ಈ ಬೀದೀಲಿ ಇನ್ನೂ ಎಷ್ಟು ಜನ ಇದಾರೆ, ಗೊತ್ತಾ?”

“ಮೇಜು ಹೋಗಲಿ, ರೆಬ್ ಫೈವಲ್,” ಎಂದೆ. “ನಾಳೆ ಮುಚ್ಚಿ. ಇವತ್ತು ನಾಲ್ಕು ಗಂಟೆ ತನಕ ನನಗೆ ಕೊಡಿ.”

ಅವರು ಗಡಿಯಾರ ನೋಡಿದರು. ಹತ್ತೂ ಕಾಲು. “ನಾಲ್ಕು,” ಎಂದರು. “ಒಂದು ನಿಮಿಷ ಜಾಸ್ತಿ ಇಲ್ಲ. ಆಮೇಲೆ ಮನೆಮನೆಗೆ ಮುಟ್ಟಿಸೋಕೆ ಹೊತ್ತಿರಲ್ಲ.”

ನಾನು ತಿರುಗುವಷ್ಟರಲ್ಲಿ ಶೈನಾ ಫೋನಿನಲ್ಲಿದ್ದಳು. ಆ ಕಡೆ ಸೊಪ್ಪಿನ ಸಗಟು ವ್ಯಾಪಾರಿ ಯೋರಿಸ್. ಅವನ ಗಂಟಲು ದೊಡ್ಡದು, ನಮಗೆಲ್ಲ ಕೇಳಿಸುತ್ತಿತ್ತು.

“ಬೆಳಿಗ್ಗೆ ತಾನೆ ಇನ್ನೂರ ನಲವತ್ತು ಒಯ್ದ್ರಿ! ಅಷ್ಟೂ ತಿಂದುಬಿಟ್ರಾ?”

“ಪ್ರಶ್ನೆ ಆಮೇಲೆ. ಇನ್ನೆಷ್ಟಿದೆ ನಿನ್ನ ಹತ್ರ?”

“ನೂರ ಎಂಬತ್ತು. ಆದ್ರೆ ಅದು ಹೋಟೆಲಿನವರಿಗೆ...”

“ಹೋಟೆಲಿನವರು ಇವತ್ತು ಕೋಸು ತಿನ್ನಲಿ. ಗಾಡಿ ಹತ್ತಿಸು.”

ಟಬ್ಬುಗಳು? ಅವಕ್ಕೂ ಆ ವಿನೆಗರ್ ಸೋಕಿತ್ತು. ಯಾರೂ ಹೇಳುವ ಮೊದಲೇ ಶೈನಾ ಏಪ್ರನ್ನಿನಲ್ಲೇ ಮೆಟ್ಟಿಲು ಹತ್ತಿ ಓಡಿದಳು. ಇಪ್ಪತ್ತು ನಿಮಿಷದಲ್ಲಿ ಎಂಟು ಹೊಸ ಗುಲಾಬಿ ಟಬ್ಬು ಒಂದರೊಳಗೊಂದು ಸೇರಿಸಿ ಎದೆಗವಚಿಕೊಂಡು ಬಂದಳು. ಎಲ್ಲವೂ ಕೂಸಿಗೆ ಸ್ನಾನ ಮಾಡಿಸುವವು. ಮದುವೆಯಾದ ನಮ್ಮ ಹೆಂಗಸರೆಲ್ಲ ತೊಡುವ ವಿಗ್ಗು ಅವಳ ಒಂದು ಕಿವಿಯ ಮೇಲೆ ವಾಲಿತ್ತು.

“ಅಂಗಡಿಯವನು ಒಂದೇ ಸಲಕ್ಕೆ ಎಂಟು ಕೂಸಾ ಅಂತ ಕೈ ಕುಲುಕೋಕೆ ಬಂದ ಅತ್ತಿಗೆ,” ಎಂದು ಏದುಸಿರಿನಲ್ಲೇ ನಕ್ಕಳು. “ಹೂಂ, ಎಲ್ಲಾ ಹೆಣ್ಣೇ ಅಂದೆ.”

ಅಷ್ಟರಲ್ಲಿ ಸುದ್ದಿ ಬೀದಿಗೆಲ್ಲ ಹಬ್ಬಿತ್ತು. ಬಯ್ಯಲು ಬರುತ್ತಾರೆ ಅಂದುಕೊಂಡಿದ್ದೆ. ಬಂದವರು ಅಂಗಿಯ ತೋಳು ಮೇಲೇರಿಸಿಕೊಂಡು ಬಂದರು. ತಟ್ಟೆಯ ಮೇಲೆ ನುಸಿ ಕಂಡಿದ್ದ ಮನೆಯಾಕೆಯೂ ಬಂದಳು! ತನ್ನ ಮನೆಯ ಒಲೆಯ ಮೇಲೆ ಮಾಂಸದ ಸಾರು ಬಿಟ್ಟು ಬಂದವಳು, ನನ್ನ ಮುಖ ನೋಡದೆ, “ಯಾವ ಟಬ್ಬು?” ಎಂದಳು ಅಷ್ಟೆ. ಗಂಡಸರು ಯೋರಿಸನ ಗಾಡಿಯಿಂದ ಪೆಟ್ಟಿಗೆ ಇಳಿಸಿ ಮೆಟ್ಟಿಲ ತಲೆಯಿಂದ ಕೈಯಿಂದ ಕೈಗೆ ದಾಟಿಸಿದರು.

ಈ ಸಲ ವಿನೆಗರ್ ಇಲ್ಲ. ಸೇಬಿನದನ್ನೂ ಮುಟ್ಟಲಿಲ್ಲ. ಸೋಪು, ತಣ್ಣೀರು, ಬೆರಳು. ಹದಿನಾಲ್ಕು ಹೆಂಗಸರು ಎಂಟು ಟಬ್ಬಿನ ಸುತ್ತ ಮೊಣಕೈ ತಾಗಿಸಿಕೊಂಡು ನಿಂತೆವು. ನೆಲದ ತುಂಬ ನೊರೆ. ಯಾರೋ ಜಾರಿದರು, ಯಾರೋ ಹಿಡಿದರು. ಯಾರೋ ಹಬ್ಬದ ಹಾಡು ಎತ್ತಿದರು, ಅದರ ತಾಳಕ್ಕೇ ಎಲೆ ಉಜ್ಜಿದೆವು. ಬೆರಳು ಚಳಿಗೆ ಮರಗಟ್ಟಿ ಕೆಂಪಾದವು. ಎರಡು ಗಂಟೆಗೆ ಮೊದಲ ಬಟ್ಟೆ ಹರಡಿದೆ. ಮೂರು ನುಸಿ. ಯಾರೂ ಅಯ್ಯೋ ಅನ್ನಲಿಲ್ಲ, ನೀರು ಚೆಲ್ಲಿ ಹೊಸ ನೀರು ತುಂಬಿದರು. ಎರಡೂ ಮುಕ್ಕಾಲಿಗೆ ಇನ್ನೊಂದು ಬಟ್ಟೆ. ಅದರ ನಡುವೆ ಒಂದು ಕರಿ ಚುಕ್ಕೆ. ಸೂಜಿಯ ಮೊನೆಯಿಂದ ತಿರುವಿದೆ. ಮಣ್ಣು! ಬರೀ ಮಣ್ಣು! ನನಗೆ ಅಳು, ನಗು ಎರಡೂ ಬಂತು. ಆದರೂ ಮಣ್ಣು ಕೂಡ ಯಾಕಿರಬೇಕು ಎಂದು ಎಲ್ಲವನ್ನೂ ಮತ್ತೆ ಜಾಲಿಸಿದೆವು.

ಮೂರೂ ಕಾಲಿಗೆ ಮೊದಲ ಬಟ್ಟೆ ಶುದ್ಧ. ಮೂರೂವರೆಗೆ ಎರಡನೆಯದು ಶುದ್ಧ. ಎರಡನ್ನೂ ರೆಬ್ ಫೈವಲ್ ಎಂದಿನಂತೆಯೇ ಬಗ್ಗಿ ನೋಡಿದರು.

ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಮೂರನೆಯ ಬಟ್ಟೆಯನ್ನು ಗಾಜಿನ ಮೇಲೆ ಹರಡಿದೆ. ಹಾಡು ನಿಂತಿತು. ನಾನು ಎಡದಿಂದ ಬಲಕ್ಕೆ ನೋಡಿದೆ. ಕಣ್ಣಲ್ಲಿ ನೀರು ತುಂಬಿಕೊಂಡಿತು, ತೋಳಿನಿಂದ ಒರೆಸಿಕೊಂಡು ಬಲದಿಂದ ಎಡಕ್ಕೆ ನೋಡಿದೆ. ಬಟ್ಟೆ ತಿರುವಿ ಹಾಕಿ ಮತ್ತೆ ನೋಡಿದೆ. ಇದು ನನ್ನ ಕೊನೆಯ ಬಟ್ಟೆ ಎಂದುಕೊಂಡೇ ನೋಡಿದೆ. ಹಾಗಾಗಿ ಅವಸರಪಡಲಿಲ್ಲ. ರೆಬ್ ಫೈವಲ್ ಮೇಜಿನ ಆ ಬದಿಯಲ್ಲಿ ಭೂತಗನ್ನಡಿ ಹಿಡಿದು ನಿಂತಿದ್ದರು.

“ಏನಾದ್ರೂ ಇದೆಯಾ, ಬ್ಲೂಮಾ?”

“ಏನೂ ಇಲ್ಲ,” ಎಂದು ಅವರಿಗೆ ನೋಡಲು ಜಾಗ ಬಿಟ್ಟು ಹಿಂದೆ ಸರಿದೆ.

ಅವರು ಬಗ್ಗಲಿಲ್ಲ. ಭೂತಗನ್ನಡಿಯನ್ನು ಕೋಟಿನ ಜೇಬಿಗೆ ಹಾಕಿಕೊಂಡು ಮುದ್ರೆಯ ಸುರುಳಿ ತೆಗೆದರು.

“ನೀವು ನೋಡಲ್ವಾ?” ಶೈನಾ ತಡೆಯಲಾರದೆ ಕೇಳಿಬಿಟ್ಟಳು.

“ಬ್ಲೂಮಾ ನೋಡಿದಾರಲ್ಲ,” ಎಂದು ರೆಬ್ ಫೈವಲ್ ಮೊದಲ ಪೊಟ್ಟಣಕ್ಕೆ ಮುದ್ರೆ ಒತ್ತಿದರು.