ಚಾಡಿದೀಪ

ಚಳಿ ಇಳಿದು ಬಿಸಿಲು ಬಲಿಯುತ್ತಿದ್ದ ದಿನಗಳು. ಲಾಂಡ್ರಿಯ ಹಿತ್ತಲಿನ ತಂತಿಗಳ ಮೇಲೆ ಲಾಡ್ಜಿನ ಚಾದರಗಳು ಮಧ್ಯಾಹ್ನದೊಳಗೇ ಗರಿಗರಿಯಾಗುತ್ತಿದ್ದವು. ಒಳಗೆ, ಕಿಟಕಿಗೆ ಕರಿಬಟ್ಟೆ ಹೊಡೆದ ಕೋಣೆಯಲ್ಲಿ, ಅವಳು ಒಂದೊಂದೇ ಬಟ್ಟೆಯನ್ನು ಅತಿನೇರಳೆ ದೀಪದ ಕೆಳಗೆ ಹರವಿ ನೋಡುತ್ತಿದ್ದಳು. ಹಗಲಿಗೆ ಕಾಣದ ಹಾಲಿನ ಕಲೆ, ಬೆವರಿನ ಕಲೆ ಅಲ್ಲಿ ಹೊಳೆದು ಸಿಕ್ಕಿಬೀಳುತ್ತಿತ್ತು. ಕೆಲಸದವರು ಅದನ್ನು ಚಾಡಿದೀಪ ಎನ್ನುತ್ತಿದ್ದರು.

ಬೆಳಿಗ್ಗೆ ಅವಳ ಅಕ್ಕ ಹಳ್ಳಿಯಿಂದ ಬಂದು ಒಂದು ಗಂಟು ಇಟ್ಟುಹೋಗಿದ್ದಳು. ಹದಿನಾಲ್ಕು ತಿಂಗಳು ಹಾಸಿಗೆ ಹಿಡಿದು ಅಕ್ಕನ ಆರೈಕೆಯಲ್ಲಿದ್ದ ಅಮ್ಮನ ಎರಡು ಚಾದರ. ಪಕ್ಕದ ಮನೆಯ ಅಜ್ಜಿಯೂ ಈಗ ಮಲಗಿದ್ದಾಳೆ, ಅವಳಿಗೆ ಕೊಡಬೇಕು ಎಂದಷ್ಟೇ ಹೇಳಿದ್ದಳು. ಅಮ್ಮ ತೀರಿಹೋದ ಆರು ವಾರದಲ್ಲಿ ಅಕ್ಕತಂಗಿಯರ ನಡುವೆ ನಡೆದ ಮೊದಲ ಮಾತು ಅದು.

ಮಾತು ಕೆಡಿಸಿದವಳು ತಂಗಿ. ತಿಂಗಳಿಗೊಮ್ಮೆ ಹಣ್ಣು ಹಿಡಿದು ಹೋಗಿ ಬರುತ್ತಿದ್ದವಳಿಗೆ ಅಮ್ಮ ತೀರಿಹೋದ ದಿನ ಕಣ್ಣಿಗೆ ಬಿದ್ದದ್ದು ಅಮ್ಮನ ಮೈಯಡಿಯ ಮಾಸಲು ಚಾದರ. "ಒಂದು ಬಿಳೀ ಚಾದರಕ್ಕೂ ಗತಿಯಿಲ್ದೆ ಹೋದ್ಲು ನಮ್ಮಮ್ಮ. ಒಗೆಯೋಕೂ ಮೈಗಳ್ಳತನ" ಎಂದು ನೆಂಟರೆಲ್ಲರ ಮುಂದೆ ಅಂದುಬಿಟ್ಟಿದ್ದಳು. ಅಕ್ಕ ತಲೆ ಎತ್ತಿರಲಿಲ್ಲ.

ಗಂಟು ಬಿಚ್ಚಿ ಹರವಿದಳು. ಲಾಡ್ಜಿನ ಚಾದರವಾದರೆ ದೀಪದಡಿ ಬೆಳ್ಳಗೆ ಉರಿಯುತ್ತದೆ; ಸೋಪಿನ ಪುಡಿಯೊಳಗಿನ ಹೊಳಪು ಅದು. ಇದು ಹೊಳೆಯಲಿಲ್ಲ. ಬಾವಿಯ ನೀರಿನ ಹಾಗೆ ಕಪ್ಪಗಿತ್ತು. ಆ ಕಪ್ಪಿನೊಳಗಿಂದ ತಿಳಿನೀಲಿ ಕೈಗಳು ಎದ್ದು ಕಂಡವು. ಭುಜದ ಬಳಿ, ಸೊಂಟದ ಬಳಿ, ಮಗ್ಗುಲು ತಿರುಗಿಸುವಾಗ ಊರಿದ ಅಂಗೈಗಳು, ಒಂದರ ಮೇಲೊಂದು. ಅಮ್ಮನ ಬೆನ್ನಿಗೆ ಹಚ್ಚುವಾಗ ಕೈಗಂಟಿದ ವ್ಯಾಸಲೀನು ಎಷ್ಟು ಒಗೆದರೂ ನೂಲಿನಲ್ಲಿ ಉಳಿದಿತ್ತು. ಎಲ್ಲದರಲ್ಲೂ ಕಿರುಬೆರಳು ಡೊಂಕು. ಕುಡುಗೋಲು ತಗುಲಿದ ಅಕ್ಕನ ಬೆರಳು.

ಬಟ್ಟೆ ಒಯ್ಯಲು ಬಂದ, ಒಗೆಯುವ ಮಷಿನ್ನು ನೋಡಿಕೊಳ್ಳುವ ಮುದುಕ ಬಾಗಿಲಲ್ಲೇ ನಿಂತ. "ಏನವ್ವ, ಯಾರ ಮೇಲೆ ಚಾಡಿ ಹೇಳ್ತು?"

"ನನ್ನ ಮೇಲೆ, ಮಾಮ."

ಅವನು ಬಗ್ಗಿ ನೋಡಿದ. "ಬರೀ ಬಾರ್ ಸೋಪಲ್ಲಿ ಒಗೆದಿದಾರೆ. ಮಲಗಿದ್ದೋರ ಸುಲಿದ ಮೈಗೆ ಪುಡಿ ಉರಿ ಕಣವ್ವ. ಬಟ್ಟೆ ಮಾಸಲಾಗುತ್ತೆ, ಮೈ ಉಳಿಯುತ್ತೆ. ಗೊತ್ತಿರೋರ ಕೈ ಇದು."

ಅವಳು ಚಾದರಗಳನ್ನು ಮಷಿನ್ನಿಗೆ ಕೊಡಲಿಲ್ಲ. ಹಿತ್ತಲ ಕಲ್ಲಿನ ಮೇಲೆ ಬಾರ್ ಸೋಪು ತಿಕ್ಕಿ ಕೈಯಲ್ಲೇ ಒಗೆದಳು. ಒಣಗಿದ ಮೇಲೆ ದೀಪಕ್ಕೆ ಹಿಡಿದರೆ ಕೈಗಳು ಮಸುಕಾಗಿ ಇನ್ನೂ ಇದ್ದವು. ಕಲೆ ಉಳಿದ ಬಟ್ಟೆ ಹೊರಗೆ ಹೋಗಕೂಡದು ಎಂಬುದು ಅಲ್ಲಿಯ ಕಟ್ಟಳೆ. ಆದರೂ ಹಾಗೆಯೇ ಮಡಿಸಿ ಇಟ್ಟಳು.

ಹೊತ್ತು ವಾಲುವಾಗ ಅಕ್ಕ ಬಂದಳು. ಮಡಿಕೆಗೆ ಮೂಗು ತಾಗಿಸಿದಳು.

"ಪುಡಿ ಹಾಕ್ಲಿಲ್ವಾ?"

"ಇಲ್ಲ. ಅಜ್ಜಿ ಮೈಗೆ ಉರಿಯುತ್ತಲ್ಲ."

ಅಕ್ಕ ಅವಳನ್ನೇ ನೋಡಿದಳು.

"ಅಕ್ಕಾ, ಅವತ್ತು ನಾನು ಅಂದಿದ್ದು..."

"ಅದನ್ನ ಅಷ್ಟು ಜನರ ಮುಂದೆ ಅಂದೆ." ದನಿಯಲ್ಲಿ ಸಿಟ್ಟಿರಲಿಲ್ಲ. "ಇಲ್ಲಿ ಮೂಲೇಲಿ ನಿಂತು ವಾಪಸ್ ತಗೊಂಡ್ರೆ ತೀರುತ್ತೇನೇ?"

ಗಂಟನ್ನು ಕಂಕುಳಿಗೆ ಏರಿಸಿಕೊಂಡು ಬಸ್ಸಿನ ಕಡೆ ನಡೆದಳು. ಅವತ್ತು ನಿಂತು ಕೇಳಿದ್ದ ನೆಂಟರು ಯಾವ ಯಾವ ಊರಿನಲ್ಲಿದ್ದರೋ. ತಂಗಿ ಒಬ್ಬೊಬ್ಬರ ಮುಖವನ್ನೇ ನೆನೆಯುತ್ತ ಬಾಗಿಲಲ್ಲಿ ನಿಂತಳು.