ಇಪ್ಪತ್ತು ಎಣಿಸುವಷ್ಟು ಹೊತ್ತು

ಹಲ್ಲಿನ ಮೇಲೆ ತೊಡಿಸುವ ಪಿಂಗಾಣಿ ಹಲ್ಲಿನ ಒಳಮೈಗೆ ಆಸಿಡ್ ಹಚ್ಚಿ ನಾನು ಇಪ್ಪತ್ತು ಎಣಿಸುತ್ತೇನೆ. ತೊಳೆದಾಗ ಹೊಳಪು ಹೋಗಿ ಮೈ ತರಿತರಿಯಾಗಿ ಬೆಳ್ಳಗಾಗಿರಬೇಕು, ಆಗಲೇ ಅಂಟು ಹಿಡಿಯುವುದು. ಎಣಿಕೆ ಕಡಿಮೆಯಾದರೆ ಹಲ್ಲು ಇಡಿಯಾಗಿ ಕಳಚಿ ಬರುತ್ತದೆ. ಹೆಚ್ಚಾದರೆ ಪಿಂಗಾಣಿಯೇ ಸತ್ವ ಕಳೆದುಕೊಂಡು ಸೀಳುತ್ತದೆ. ಚಾಲಕ್ಕುಡಿಯ ಈ ಕ್ಲಿನಿಕ್ಕಿನ ಹಿಂದಿನ ಲ್ಯಾಬಿನಲ್ಲಿ ಹನ್ನೊಂದು ವರ್ಷದಿಂದ ಎಣಿಸುತ್ತಿದ್ದೇನೆ. ನಾನು ಮಾಡಿದ ಒಂದು ಹಲ್ಲೂ ವಾಪಸು ಬಂದಿರಲಿಲ್ಲ.

ಅದಕ್ಕೇ ಕುರಿಯನ್ ಡಾಕ್ಟರು ಮುರಿದ ಚೂರನ್ನು ನನ್ನ ಅಂಗೈಗೆ ಹಾಕಿದಾಗ ಮೈಯೆಲ್ಲ ಉರಿಯಿತು.

"ಎಲ್ಸಮ್ಮ, ಏನಿದು? ಎರಡು ತಿಂಗಳೂ ಆಗಿಲ್ಲ. ಆಸಿಡ್ ಹಚ್ಚಿಟ್ಟು ಫೋನಲ್ಲಿ ಹರಟೆ ಹೊಡೀತಿದ್ಯಾ?"

ಕುರ್ಚಿಯಲ್ಲಿ ಜಲಜಚೇಚಿ, ನಾವೆಲ್ಲ ಅಕ್ಕ ಎನ್ನುವ ನಮ್ಮ ಬೀದಿಯ ಅಂಗನವಾಡಿ ಟೀಚರು. ಪಕ್ಕದಲ್ಲಿ ಗಂಡ ಬಾಬುರಾಜ್, ಕಾಲ ಮೇಲೆ ಕಾಲು ಹಾಕಿಕೊಂಡು.

"ಅಚ್ಚಪ್ಪ ತಿನ್ನೋವಾಗ ಗಟ್ಟಿಯಾಗಿ ಕಚ್ಚಿದೆ, ಅಷ್ಟೆ," ಅಂದರು ಚೇಚಿ.

"ಅಚ್ಚಪ್ಪಕ್ಕೂ ತಡೀದ ಹಲ್ಲು!" ಗಂಡ ನಕ್ಕ. "ಏನು, ಬೆಣ್ಣೇಲಿ ಮಾಡಿದ್ರಾ?"

ನಾನು ಬಗ್ಗಿ ನೋಡಿದೆ. ಅರ್ಧ ಪಿಂಗಾಣಿ ಇನ್ನೂ ಒಳಗಿನ ಹಲ್ಲಿಗೆ ಕಚ್ಚಿಕೊಂಡೇ ಇತ್ತು. ಏಟು ಬಿದ್ದದ್ದು ಎದುರಿನಿಂದ. ತುಟಿಯ ಒಳಗೆ ಹಲ್ಲು ಊರಿದ ಗಾಯ. ಎಣ್ಣೆಯಲ್ಲಿ ಕರಿದ ಗರಿಗರಿ ಅಚ್ಚಪ್ಪ ಹಾಗೆ ತುಟಿ ಒಡೆಯುವುದಿಲ್ಲ. ಹೇಳಲೆಂದು ಬಾಯಿ ತೆರೆದೆ. ಚೇಚಿ ನನ್ನನ್ನೇ ನೋಡುತ್ತಿದ್ದರು, ಬೇಡ ಎನ್ನುವಂತೆ.

"ನನ್ನದೇ ತಪ್ಪು ಡಾಕ್ಟರೇ. ಜಾಸ್ತಿ ಹೊತ್ತು ಬಿಟ್ಟುಬಿಟ್ಟೆ."

"ಇನ್ನೊಂದು ಸಲ ಹೀಗಾದ್ರೆ ಬೇರೆ ಕಡೆ ಕೆಲಸ ನೋಡ್ಕೋ," ಅಂದರು ಡಾಕ್ಟರು. ಬಾಬುರಾಜನ ನಗುವನ್ನು ಸಹಿಸಿಕೊಳ್ಳುವುದೇ ಅದಕ್ಕಿಂತ ಕಷ್ಟವಾಯಿತು.

ಬಣ್ಣ ಹೊಂದಿಸಲು ಹಗಲ ಬೆಳಕು ಬೇಕೆಂದು ಚೇಚಿಯನ್ನು ಲ್ಯಾಬಿನ ಕಿಟಕಿಯ ಬಳಿ ಕರೆತಂದು ಬಾಗಿಲು ಹಾಕಿದೆ.

"ಹೊಡೆದದ್ದು ಅವನೇ ಅಲ್ವಾ ಚೇಚಿ? ನಿಮ್ಮ ತಮ್ಮನಿಗಾದ್ರೂ ಹೇಳಿ. ಸ್ಟೇಷನ್ನಿಗೆ ಬೇಕಾದ್ರೆ ನಾನೇ ಜೊತೇಲಿ ಬರ್ತೀನಿ."

"ಅದೆಲ್ಲ ಬೇಡ ಮಗಳೇ." ಅವರು ಬಾಗಿಲ ಕಡೆ ನೋಡಿದರು. "ಒಂದು ಉಪಕಾರ ಮಾಡ್ತೀಯಾ? ಈ ಸಲ ಅಷ್ಟು ಗಟ್ಟಿಯಾಗಿ ಅಂಟೋ ಹಾಗೆ ಮಾಡ್ಬೇಡ. ಇಡಿಯಾಗಿ ಬಿದ್ರೆ ಕರ್ಚೀಫಲ್ಲಿ ಕಟ್ಕೊಂಡು ಬರ್ತೀನಿ, ನೀನು ಸುಮ್ನೆ ಅಂಟಿಸಿಕೊಡು. ಮುರಿದ್ರೆ ಹೊಸದು ಬರೋವರೆಗೆ ಮಕ್ಕಳು ಕೇಳ್ತಾವೆ, ಟೀಚರ್ ಹಲ್ಲೆಲ್ಲಿ ಅಂತ."

ನಾನು ಬಣ್ಣದ ಮಾದರಿಗಳನ್ನು ಅವರ ಹಲ್ಲಿನ ಪಕ್ಕಕ್ಕೆ ಹಿಡಿದೆ.

ಶನಿವಾರ ಹೊಸ ಹಲ್ಲಿಗೆ ಆಸಿಡ್ ಹಚ್ಚಿದೆ. ಐದು. ಆರು. ಈಗ ತೊಳೆದುಬಿಟ್ಟರೆ ಚೇಚಿ ಕೇಳಿದ್ದು ಆಗುತ್ತದೆ. ಕೈ ನಲ್ಲಿಯ ಹತ್ತಿರ ಹೋಗಿತ್ತು. ಆಮೇಲೆ ಅವನು ಬೀಳಿಸುವುದು, ಅವರು ಹೆಕ್ಕಿ ತರುವುದು, ನಾನು ಅಂಟಿಸುವುದು. ಆ ಮನೆಯನ್ನು ಹಾಗೆ ನಡೆಸಲು ನಾನೂ ಕೈ ಜೋಡಿಸಿದಂತೆ. ಸಿಟ್ಟೂ ಅಳುವೂ ಒಟ್ಟಿಗೇ ಬಂದವು. ಇಪ್ಪತ್ತರವರೆಗೂ ಎಣಿಸಿ ತೊಳೆದೆ.

ಸೋಮವಾರ ಡಾಕ್ಟರು ಅದನ್ನು ಕೂರಿಸಿ ಕೈ ತೊಳೆಯಲು ಹೋದರು. ಚೇಚಿ ನಾಲಿಗೆಯಿಂದ ಹೊಸ ಹಲ್ಲನ್ನು ಒತ್ತಿ ನೋಡಿ ಪಿಸುಗುಟ್ಟಿದರು.

"ನಾನು ಹೇಳಿದ ಹಾಗೇ ಮಾಡಿದ್ದೀಯಲ್ವಾ?"

"ಹೂಂ ಚೇಚಿ," ಅಂದೆ.